ಉಂಡು ಮುಗಿಯುವ ತನಕ

ಸುದ್ದಿ ಬಂದಾಗ ದರ್ಜಿಯ ಬಾಯಲ್ಲಿ ತುತ್ತಿತ್ತು.

ಮಧ್ಯಾಹ್ನ ಒಂದೂಕಾಲು ಗಂಟೆ. ಮುಂದಿನ ಕೋಣೆ ಅಂಗಡಿ, ಪರದೆಯ ಹಿಂದಿನದು ಮನೆ. ಹೆಂಡತಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಮೇಜಿನ ಮೇಲೆ ಮುಚ್ಚಿಟ್ಟು ಹೋಗಿದ್ದ ಊಟವನ್ನು ಅವನು ಎಂದಿನಂತೆ ಗಬಗಬನೆ ಮುಗಿಸುತ್ತಿದ್ದ. ಒಂದು ಕಾಲು ಆಗಲೇ ಅಂಗಡಿಯ ಕಡೆಗೆ ತಿರುಗಿತ್ತು. ಫೋನು ಬಡಿದುಕೊಂಡಿತು. ಹಲೋ ಎನ್ನುವುದಕ್ಕೂ ಬಾಯಿ ತೆರವಿರಲಿಲ್ಲ. "ಹ್ಞೂಂ" ಎಂದ.

ಅತ್ತ ಕಡೆಯಿಂದ ಮಾತನಾಡಿದವರು ಅವನ ಹೆಂಡತಿ ಕೆಲಸ ಮಾಡುತ್ತಿದ್ದ ಆಹಾರ ಸಂಶೋಧನಾ ಸಂಸ್ಥೆಯ ಡಾಕ್ಟರಮ್ಮ.

"ನೀವು ಕೂತಿದ್ದೀರಾ?"

"ಹ್ಞೂಂ."

"ನಿಮ್ಮನೆಯವರು ತಕ್ಕಡಿ ಮುಂದೆ ನಿಂತಿದ್ರು. ನಿಂತಲ್ಲೇ ಕುಸಿದುಬಿಟ್ರು. ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಆದ್ರೆ ದಾರೀಲೇ... ಹೃದಯ ನಿಂತುಹೋಯ್ತು. ಯಾರಾದ್ರೂ ಜೊತೆಗಿದ್ದಾರಾ ನಿಮಗೆ?"

ದರ್ಜಿ ಬಾಯಲ್ಲಿದ್ದುದನ್ನು ನುಂಗಿದ. ಅಗಿಯದೆ, ಹಾಗೆಯೇ.

ಆಮೇಲೆ ನಡೆಯಬೇಕಾದದ್ದೆಲ್ಲ ನಡೆಯಿತು. ಜನ ಬಂದರು, ಹೆಗಲು ಮುಟ್ಟಿದರು, ಹೊತ್ತರು, ಕಳುಹಿಸಿದರು, ಹೋದರು. ಅವನಿಗೆ ಅದರಲ್ಲಿ ಅರ್ಧ ನೆನಪಿಲ್ಲ. ನೆನಪಿದ್ದದ್ದು ಆ ತುತ್ತು. ಇಂಥ ಸುದ್ದಿ ಕೇಳಿದವರು ಕೈಯಲ್ಲಿದ್ದ ಪಾತ್ರೆ ಬೀಳಿಸುತ್ತಾರೆ, ಉಗುಳುತ್ತಾರೆ, ಗಂಟಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ತಾನು ನುಂಗಿದ್ದ. ಮೂವತ್ತನಾಲ್ಕು ವರ್ಷ ಅವಳ ಕೈಯ ಅಡುಗೆಯನ್ನು ಹೇಗೆ ನುಂಗಿದ್ದನೋ ಹಾಗೆಯೇ ಅವಳ ಸಾವನ್ನೂ ನುಂಗಿದ್ದ. ಆ ಕೊನೆಯ ಊಟ ಏನಿತ್ತೆಂದು ಎಷ್ಟು ತಲೆ ಕೆರೆದುಕೊಂಡರೂ ಅವನಿಗೆ ನೆನಪಾಗಲಿಲ್ಲ.

ಅವನ ಈ ಅವಸರಕ್ಕೆ ಕಾರಣವಿತ್ತು. ಹದಿನೇಳನೆಯ ವಯಸ್ಸಿನಿಂದ ಒಂಬತ್ತು ವರ್ಷ ಅವನು ದೊಡ್ಡ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದ. ಅಲ್ಲಿ ಊಟದ ಗಂಟೆ ಹೊಡೆದ ಮೇಲೆ ಹನ್ನೆರಡು ನಿಮಿಷಕ್ಕೆ ಇನ್ನೊಂದು ಗಂಟೆ. ಅಷ್ಟರಲ್ಲಿ ಕೈ ತೊಳೆದು, ಸಾಲಿನಲ್ಲಿ ನಿಂತು, ಉಂಡು, ಮತ್ತೆ ಕೈ ತೊಳೆದು ಕೂರಬೇಕು. ಎಣ್ಣೆಯ ಬೆರಳು ಬಟ್ಟೆಗೆ ತಾಗಿದರೆ ಆ ದಿನದ ಮೆಷೀನು ಬೇರೆಯವರದು. ಉಣ್ಣುವುದಕ್ಕೆಂದು ಉಳಿಯುತ್ತಿದ್ದದ್ದು ನಾಲ್ಕು ನಿಮಿಷ. ಕಾರ್ಖಾನೆ ಬಿಟ್ಟು ಸ್ವಂತ ಅಂಗಡಿ ಹಾಕಿದ. ಆ ಗಂಟೆ ಮಾತ್ರ ಹೊಟ್ಟೆಯೊಳಗೆ ಹೊಡೆಯುತ್ತಲೇ ಇತ್ತು.

ಹೆಂಡತಿ ಇದಕ್ಕೆ ತದ್ವಿರುದ್ಧ. ಒಂದು ತುತ್ತನ್ನು ಬಾಯಿಗಿಟ್ಟರೆ ಅದು ನೀರಾಗುವವರೆಗೆ ಬಿಡುತ್ತಿರಲಿಲ್ಲ. ಪಕ್ಕದ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಅವಳ ತಂಗಿ, ಅಂದರೆ ದರ್ಜಿಯ ನಾದಿನಿ, ಇವರಿಬ್ಬರಿಗೆ ಹೆಸರಿಟ್ಟಿದ್ದಳು: ಎಕ್ಸ್‌ಪ್ರೆಸ್ ಭಾವ, ಪ್ಯಾಸೆಂಜರ್ ಅಕ್ಕ. "ಒಂದೇ ಹಳಿ ಮೇಲೆ ಅದು ಹೇಗೆ ಓಡ್ತೀರಪ್ಪಾ ಇಬ್ಬರೂ?" ಎಂದು ನಗುತ್ತಿದ್ದಳು.

ಸಂಜೆ ಅಂಗಡಿಗೆ ಗಿರಾಕಿಗಳು ಬರುವ ಮೊದಲೇ ಅವರ ಊಟ. ಇಬ್ಬರೂ ಒಟ್ಟಿಗೆ ಕೂರುತ್ತಿದ್ದರು. ಅವಳು ಮೂರನೆಯ ತುತ್ತಿಗೆ ಬರುವಷ್ಟರಲ್ಲಿ ಇವನ ತಟ್ಟೆ ಖಾಲಿ. ಎದ್ದು, ಪರದೆ ಸರಿಸಿ, ಮೆಷೀನಿನ ಮುಂದೆ ಕೂತು ಪೆಡಲ್ ತುಳಿಯಲು ಶುರು. ಪರದೆಯ ಆಚೆ ಅವಳು ಮುಕ್ಕಾಲು ಗಂಟೆ ಉಣ್ಣುತ್ತಿದ್ದಳು. ಅವನ ಎಂಜಲು ತಟ್ಟೆಯನ್ನು ಕೂಡ ತನ್ನ ಊಟ ಮುಗಿಯುವ ತನಕ ತೆಗೆಯುತ್ತಿರಲಿಲ್ಲ. ಸೋಮಾರಿತನ ಎಂದುಕೊಂಡಿದ್ದ ಅವನು.

"ಏನೇ, ನಾಳೆ ಬೆಳಿಗ್ಗೆಗಾದ್ರೂ ಮುಗಿಯುತ್ತಾ ನಿನ್ನೂಟ?" ಎಂದು ಮೆಷೀನಿನ ಮುಂದಿನಿಂದಲೇ ಕೂಗುತ್ತಿದ್ದ.

"ನೀವು ಹೊಲೀರಿ, ನಾನು ಅಗಿತೀನಿ. ಇಬ್ಬರದೂ ಕೆಲಸಾನೇ."

"ಹಸು ಕಟ್ಟಿಕೊಂಡ ಹಾಗಾಯ್ತು ನನಗೆ."

"ಹಸು ನಿಧಾನಕ್ಕೆ ತಿನ್ನಲ್ಲರೀ, ತಿಂದಿದ್ದನ್ನ ಆಮೇಲೆ ನಿಧಾನಕ್ಕೆ ಅಗಿಯುತ್ತೆ. ನಿಮಗೆ ಅದೂ ಇಲ್ಲ."

ಆಗೊಮ್ಮೆ ಈಗೊಮ್ಮೆ, ಹೆಚ್ಚಾಗಿ ಭಾನುವಾರ, ಅವಳು ಪರದೆಯ ಕಡೆ ನೋಡದೆಯೇ ಕೇಳುತ್ತಿದ್ದಳು: "ರೀ, ಒಂದು ದಿನ ನಾನು ಉಂಡು ಮುಗಿಸೋ ತನಕ ಕೂತ್ಕೊಳ್ಳಿ."

"ಈ ಕೋಟು ಮುಗೀಲಿ" ಎನ್ನುತ್ತಿದ್ದ. ಕೋಟು ಮುಗಿಯುತ್ತಿತ್ತು. ಇನ್ನೊಂದು ಬರುತ್ತಿತ್ತು.

ಸಂಸ್ಥೆಯಲ್ಲಿ ಅವಳ ಕೆಲಸ ಪ್ರಯೋಗಕ್ಕೆ ಬರುವವರಿಗೆ ಊಟ ತೂಗಿ ಕೊಡುವುದು. ಬ್ರೆಡ್ ಇಷ್ಟು ಗ್ರಾಂ, ಬೇಯಿಸಿದ ಕ್ಯಾರೆಟ್ ಇಷ್ಟು, ಮೊಟ್ಟೆ ಒಂದು, ಸೇಬು ಎಂಟು ಹೋಳು. ಒಂದು ಕಾಳಿನಷ್ಟೂ ಆಚೀಚೆ ಆಗುವಂತಿಲ್ಲ. ಮನುಷ್ಯ ಅಗಿಯುವುದಕ್ಕೂ ಮೈ ಸುಡುವ ಶಕ್ತಿಗೂ ತೂಕಕ್ಕೂ ಏನು ಸಂಬಂಧ ಎಂದು ಅಲ್ಲಿ ನೋಡುತ್ತಿದ್ದರಂತೆ. ಅವಳು ಅದನ್ನೆಲ್ಲ ಊಟದ ಹೊತ್ತಿಗೆ ಹೇಳುತ್ತಿದ್ದಳು. ಅವಳ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಕೇಳುವವನು ಎದ್ದಿರುತ್ತಿದ್ದ. ಹೀಗಾಗಿ ಅವಳ ಕೆಲಸದ ಬಗ್ಗೆ ಅವನಿಗೆ ಗೊತ್ತಿದ್ದದ್ದೆಲ್ಲ ಅರ್ಧರ್ಧ ವಾಕ್ಯಗಳೇ. ಅವುಗಳಲ್ಲಿ ಒಂದು ಹೀಗಿತ್ತು:

"ಇವತ್ತು ಒಬ್ಬರು ಬರಲಿಲ್ಲ ಅಂತ ನನ್ನನ್ನೇ ಕೂರಿಸಿದ್ರು ರೀ. ದವಡೆಗೆ ಗುಂಡಿಯಷ್ಟು ದೊಡ್ಡ ಮೈಕು ಅಂಟಿಸಿ, ನಾನು ಅಗಿಯೋ ಸದ್ದನ್ನೆಲ್ಲ ಹಿಡಿದಿಟ್ಟಿದ್ದಾರೆ."

"ಅದನ್ನ ಯಾರು ಕೇಳ್ತಾರೆ ಹೋಗೇ!" ಎಂದು ನಕ್ಕು ಅವನು ಪರದೆ ಸರಿಸಿದ್ದ.

ಅವಳು ಹೋದ ಮೂರು ತಿಂಗಳಿಗೆ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ನಲವತ್ತು ಇಂಚಿದ್ದ ಸೊಂಟ ಮೂವತ್ತಾರಕ್ಕೆ ಬಂದಿತ್ತು. ಊರಿನವರ ಬಟ್ಟೆ ಸರಿ ಮಾಡುವವನು ತನ್ನ ಪ್ಯಾಂಟಿಗೆ ದಾರ ಕಟ್ಟಿಕೊಂಡು ಓಡಾಡುತ್ತಿದ್ದ. ಇಸ್ತ್ರಿಗೆ ಕೊಟ್ಟ ಬಟ್ಟೆ ತಂದ ನಾದಿನಿ ಅದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಭಾವ, ಏನಿದು? ನಿಮ್ಮ ಪ್ಯಾಂಟೊಳಗೆ ಇನ್ನೊಬ್ಬರು ಬಾಡಿಗೆಗೆ ಇರಬಹುದು."

"ಹಸಿವಾಗಲ್ಲಮ್ಮ."

"ಮಾಡಿ ತಂದುಕೊಟ್ಟರೂ ಹಾಗೇ ಇರುತ್ತಲ್ಲ. ನಾಲ್ಕು ನಿಮಿಷದ ಕೆಲಸ ನಿಮಗೆ. ಅದಕ್ಕೂ ಪುರುಸೊತ್ತಿಲ್ವಾ?"

ದರ್ಜಿ ಸೊಂಟದ ದಾರವನ್ನು ಬಿಗಿಮಾಡಿಕೊಂಡ. ಹೇಗೆ ಹೇಳುವುದು? ತಟ್ಟೆಯ ಮುಂದೆ ಕೂತರೆ ಎದುರಿನ ಕುರ್ಚಿ ಕಾಣುತ್ತದೆ. ಸರಿ, ಅದನ್ನು ಹೇಗೋ ತಡೆಯಬಹುದು. ಮೆಷೀನಿನ ಮುಂದೆ ಕೂತಾಗ ಪರದೆಯ ಆಚೆಯಿಂದ ಏನೂ ಕೇಳುವುದಿಲ್ಲ; ಅದನ್ನು ತಡೆಯಲು ಆಗುವುದಿಲ್ಲ. ತಟ್ಟೆಗೆ ಚಮಚ ತಾಗುವ ಸದ್ದಿಲ್ಲ, ಕ್ಯಾರೆಟ್ ಕಡಿಯುವ ಸದ್ದಿಲ್ಲ. ಪೆಡಲ್ ತುಳಿಯುತ್ತಾ ತುಳಿಯುತ್ತಾ ಕಾಲು ತಾನಾಗಿ ನಿಲ್ಲುತ್ತದೆ, ಎದುರು ದನಿಗೆ ಕಾದವರಂತೆ. ಸದ್ದು ಇದ್ದಷ್ಟು ದಿನ ಅದು ಅವನ ಕಿವಿಗೇ ಬಿದ್ದಿರಲಿಲ್ಲ. ಈಗ ಅದಿಲ್ಲದ್ದು ಕಿವಿ ತುಂಬಾ ಕೇಳುತ್ತಿತ್ತು.

"ಅಕ್ಕನ ಸಾಮಾನು ಇನ್ನೂ ಆ ಸಂಸ್ಥೆಯಲ್ಲೇ ಇದೆಯಲ್ಲ" ಎಂದಳು ನಾದಿನಿ. "ಹೋಗಿ ತನ್ನಿ. ನಾಲ್ಕು ಹೆಜ್ಜೆ ನಡೆದ ಹಾಗಾದ್ರೂ ಆಗುತ್ತೆ."

ಆಗ ಅವನಿಗೆ ಆ ಅರ್ಧ ವಾಕ್ಯ ನೆನಪಾಯಿತು. ಅಗಿಯೋ ಸದ್ದನ್ನೆಲ್ಲ ಹಿಡಿದಿಟ್ಟಿದ್ದಾರೆ.

ಮರುದಿನ, ಮಂಗಳವಾರ, ಅವನು ಹೋದ. ಡಾಕ್ಟರಮ್ಮನ ಕೋಣೆ ಮೂರನೆಯ ಮಹಡಿಯಲ್ಲಿ. ಆಕೆ ನಡುವಯಸ್ಸಿನವರು, ತಗ್ಗಿದ ದನಿಯವರು. ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಅದರೊಳಗೆ ಏಪ್ರನ್ನು, ಕನ್ನಡಕದ ಡಬ್ಬಿ, ಬಾಚಣಿಗೆ, ಅವನೇ ಹೊಲಿದು ಕೊಟ್ಟಿದ್ದ ಕೈಚೀಲ. ಏಪ್ರನ್ನಿನ ಸೊಂಟದ ಪಟ್ಟಿಯನ್ನು ಬೆರಳಿನಲ್ಲಿ ಅಳೆದ. ಮದುವೆಯ ವರ್ಷ ಅವಳ ಸೊಂಟ ಇಪ್ಪತ್ತೊಂಬತ್ತು, ಹೋದ ವರ್ಷ ಮೂವತ್ತು. ಅಳತೆಯ ಪುಸ್ತಕದಲ್ಲಿ ಅವಳ ಪುಟವೊಂದೇ ಬದಲಾಗದೆ ಉಳಿದಿತ್ತು.

"ನಿಧಾನಕ್ಕೆ ಅಗಿದು ತಿಂದಿದ್ದಕ್ಕೇ ಅವಳು ಹಾಗೇ ಇದ್ದಳಾ, ಡಾಕ್ಟರಮ್ಮ?"

"ಅದೊಂದರಿಂದಲೇ ಅಂತ ಹೇಳಕ್ಕಾಗಲ್ಲ" ಎಂದರು ಆಕೆ. "ಅಗಿಯೋದೂ ಮೈಗೆ ಒಂದು ಕೆಲಸ. ದವಡೆ ದುಡಿಯುತ್ತೆ, ಹೊಟ್ಟೆ ಎಚ್ಚರ ಆಗುತ್ತೆ, ಮೈ ಒಂಚೂರು ಬಿಸಿಯಾಗುತ್ತೆ. ನುಂಗಿದವರಿಗಿಂತ ಅಗಿದವರ ಮೈ ಊಟ ಆದ್ಮೇಲೆ ಸ್ವಲ್ಪ ಹೆಚ್ಚು ಶಕ್ತಿ ಖರ್ಚು ಮಾಡುತ್ತೆ. ಆದ್ರೆ ಬಹಳ ಸ್ವಲ್ಪ. ಈಗ ನೀವು ಹತ್ತಿ ಬಂದ್ರಲ್ಲ ಮೂರು ಮಹಡಿ, ಹೆಚ್ಚೂಕಡಿಮೆ ಅಷ್ಟು ಅನ್ಕೊಳ್ಳಿ. ಇನ್ನೊಂದು, ಬೇಗ ಬೇಗ ತಿನ್ನೋರಿಗೆ ಹೊಟ್ಟೆ ತುಂಬಿದ್ದು ತಡವಾಗಿ ಗೊತ್ತಾಗುತ್ತೆ. ಅಷ್ಟರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತಿಂದಿರ್ತಾರೆ."

"ನನ್ನ ಹಾಗೆ."

ಆಕೆಯ ಕಣ್ಣು ಅವನ ಸೊಂಟದ ದಾರದ ಮೇಲೆ ಹೋಯಿತು.

ಅವನು ಪೆಟ್ಟಿಗೆಯನ್ನು ಮುಚ್ಚಿದ. "ಅವಳು ಅಗಿಯೋ ಸದ್ದನ್ನ ಹಿಡಿದಿಟ್ಟಿದ್ದೀರಂತೆ. ಅದು ಬೇಕಿತ್ತು."

ಡಾಕ್ಟರಮ್ಮ ಕುರ್ಚಿಗೆ ಒರಗಿದರು. ಹದಿನಾಲ್ಕು ಹೆಂಗಸರ ಸದ್ದು ಇರುವುದು ನಿಜ. ಆದರೆ ಇರುವುದು ಬರೀ ಅಂಕಿಯ ಗುರುತಿನಲ್ಲಿ. ಯಾವ ಅಂಕಿ ಯಾರದು ಎಂಬ ಚೀಟಿಯನ್ನು ಕೆಲಸ ಮುಗಿದಾಗ ನಿಯಮದಂತೆ ಹರಿದುಹಾಕಿದ್ದರು. ಆ ಸದ್ದುಗಳನ್ನು ಕೂಡ ಬರುವ ಶುಕ್ರವಾರ ಅಳಿಸಿಬಿಡಬೇಕು. ಆಕೆ ಮೇಲಿನವರನ್ನು ಕೇಳಿ ನೋಡುತ್ತೇನೆಂದು ಎದ್ದುಹೋದರು. ಅರ್ಧ ಗಂಟೆಯ ಮೇಲೆ ಬಂದರು.

"ಒಪ್ಪಿದ್ದಾರೆ. ಇಲ್ಲೇ ಕೂತು ಕೇಳಬಹುದು. ಖಂಡಿತ ಇದೇ ಅಂತ ನೀವು ಗುರುತು ಹಿಡಿದ್ರೆ ಅದೊಂದನ್ನ ನಕಲು ಮಾಡಿ ಕೊಡ್ತೀನಿ. ಒಂದೇ ಒಂದು. ಬೇರೆಯವರದು ನಿಮ್ಮ ಮನೆಗೆ ಹೋಗಬಾರದು."

"ನನ್ನ ಹೆಂಡತಿ ಉಣ್ಣೋದು ನನಗೆ ಗೊತ್ತಾಗಲ್ವಾ?" ಎಂದ ದರ್ಜಿ.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ. ಮೊದಲನೆಯದು ಶುರುವಾಯಿತು: ಕರುಮ್, ಕರುಮ್, ಕರುಮ್. ಎರಡು ನಿಮಿಷ ಕೇಳಿದ, ಇದಲ್ಲ ಎಂದ. ಎರಡನೆಯದು, ಇದಲ್ಲ. ಮೂರನೆಯದು ಒಂದೂವರೆ ನಿಮಿಷ. ಅಂಗಡಿಯಲ್ಲಿ ಎರಡು ಪ್ಯಾಂಟಿಗೆ ಅಂಚು ಮಡಿಸಬೇಕಿತ್ತು. ಹದಿನಾಲ್ಕನ್ನೂ ಅರ್ಧ ಗಂಟೆಗೂ ಮೊದಲೇ ಮುಗಿಸಿಬಿಟ್ಟ. ಒಂಬತ್ತನೆಯದರಲ್ಲಿ ಆ ಹೆಂಗಸು ಒಂದು ತುತ್ತನ್ನು ಐವತ್ತು ಸಲವಾದರೂ ಅಗಿಯುತ್ತಿದ್ದಳು. ಉಳಿದ ಯಾರೂ ಅದರ ಹತ್ತಿರಕ್ಕೂ ಬರುವಂತಿರಲಿಲ್ಲ.

"ಇದೇ" ಎಂದ. "ಜಗತ್ತಿನಲ್ಲಿ ಇಷ್ಟು ನಿಧಾನ ಅವಳೊಬ್ಬಳೇ."

"ಖಂಡಿತಾನಾ? ಇನ್ನೊಂದ್ಸಲ ಪೂರ್ತಿ ಕೇಳಿ ಬೇಕಾದ್ರೆ. ಆತುರ ಇಲ್ಲ."

"ಇಲ್ಲಮ್ಮ, ಇದೇ." ಸಹಿ ಹಾಕಿ, ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರದಲ್ಲಿ ಅದನ್ನು ತುಂಬಿಸಿಕೊಂಡು ಮನೆಗೆ ಬಂದ.

ಸಂಜೆ ನಾದಿನಿಯನ್ನು ಕರೆದು ಮೇಜಿನ ಮೇಲಿಟ್ಟು ಕೇಳಿಸಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕತ್ತನ್ನು ಓರೆ ಮಾಡಿದಳು.

"ಭಾವ, ಇದು ಅಕ್ಕಾನೇನಾ?"

"ಮತ್ತಿನ್ಯಾರು?"

"ಅಲ್ಲ, ಅಕ್ಕ ಅಗಿಯೋವಾಗ ಮಧ್ಯೆ ನಿಲ್ಲಿಸ್ತಿದ್ದಳಲ್ಲ? ಏನೋ ಯೋಚನೆ ಮಾಡಿದ ಹಾಗೆ. ಇವರ್ಯಾರೋ ಹಿಟ್ಟಿನ ಗಿರಣಿ ಇದ್ದ ಹಾಗಿದ್ದಾರೆ, ಒಂದೇ ಸಮ."

"ನಿನಗೇನು ಗೊತ್ತು ಹೋಗಮ್ಮ" ಎಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಕ್ಕನ ಜೊತೆ ಕೂತು ಉಂಡವಳು ಅವಳೇ; ತಾನಲ್ಲ.

ಮರುದಿನ ಬುಧವಾರ ಒಂದು ಅಂಗಿಯ ಕಾಲರ್ ಹೊಲಿಯಬೇಕಿತ್ತು. ಯಂತ್ರವನ್ನು ಪರದೆಯ ಆಚೆ, ಅವಳ ತಟ್ಟೆಯಿರುತ್ತಿದ್ದ ಜಾಗದಲ್ಲಿಟ್ಟು, ಇತ್ತ ಬಂದು ಮೆಷೀನಿಗೆ ಕೂತ. ಪೆಡಲ್ ತುಳಿದ. ಪರದೆಯ ಆಚೆ ಕರುಮ್, ಕರುಮ್. ಈಚೆ ಟಕಟಕ, ಟಕಟಕ. ಎರಡು ನಿಮಿಷವಾಗಿರಲಿಲ್ಲ, ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದ. ಮತ್ತೆ ಸೊಟ್ಟ. ಮೂವತ್ತನಾಲ್ಕು ವರ್ಷದಲ್ಲಿ ಅವನ ಕಾಲರ್ ಸೊಟ್ಟಗಾದದ್ದಿಲ್ಲ. ಹೆಜ್ಜೆ ಹೊಂದದವರ ಜೊತೆ ಕೈಹಿಡಿದು ನಡೆದಂತಿತ್ತು. ಇವನು ಕಾಲೆತ್ತಿದಾಗ ಅವರು ಇಡುತ್ತಿದ್ದರು.

ದರ್ಜಿ ಪೆಡಲ್ ಮೇಲಿನ ತನ್ನ ಕಾಲನ್ನು ನೋಡಿದ. ಕಾಲರ್ ಹೊಲಿಯುವುದಕ್ಕೆ ಒಂದು ನಡೆಯಿದೆ. ಉದ್ದಕ್ಕೆ ಹೋಗಿ, ಮೂಲೆಯಲ್ಲಿ ನಿಂತು, ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಬಟ್ಟೆ ತಿರುಗಿಸಿ, ಗಿಡ್ಡಕ್ಕೆ ಹೋಗಿ, ಮತ್ತೆ ನಿಲ್ಲಬೇಕು. ಅವಳಿದ್ದಾಗ, ಅವನು ನಿಂತರೆ ಪರದೆಯ ಆಚೆ ಅಗಿಯುವ ಸದ್ದೂ ನಿಲ್ಲುತ್ತಿತ್ತು. ಅವನು ಶುರು ಮಾಡಿದಾಗ ಆಚೆಯೂ ಶುರುವಾಗುತ್ತಿತ್ತು. ಬಾಬಿನ್ನಿನ ದಾರ ಮುಗಿದು ಅವನು "ಥತ್" ಎಂದಾಗ ಅವಳು ನೀರು ಕುಡಿಯುತ್ತಿದ್ದಳು. ಅದು ಅವನ ಕಿವಿಗೆ ಒಂದು ದಿನವೂ ಗೊತ್ತಾಗಿರಲಿಲ್ಲ. ಕಾಲಿಗೆ ಮಾತ್ರ ಗೊತ್ತಿತ್ತು. ಜೊತೆಯಲ್ಲಿ ಕೂರದ ಗಂಡನ ಜೊತೆಯಲ್ಲಿ ಅವಳು ಆ ರೀತಿ ಉಂಡಿದ್ದಳು.

"ಅಯ್ಯೋ ದೇವರೇ" ಎಂದ. "ಯಾರನ್ನೋ ಮನೆಗೆ ಕರ್ಕೊಂಡು ಬಂದೆನಲ್ಲಪ್ಪಾ."

ಗುರುವಾರ ಬೆಳಿಗ್ಗೆ ಸಂಸ್ಥೆಯ ಬಾಗಿಲು ತೆರೆಯುವ ಮೊದಲೇ ಅವನು ಮೆಟ್ಟಿಲ ಬುಡದಲ್ಲಿದ್ದ. ಡಾಕ್ಟರಮ್ಮ ಬಂದಾಗ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದ.

"ತಪ್ಪಾಯ್ತಮ್ಮ. ಇವರು ಯಾರೋ ಪುಣ್ಯಾತಗಿತ್ತಿ, ನನ್ನವಳಲ್ಲ. ತಗೊಂಡುಬಿಡಿ. ಇನ್ನೊಂದೇ ಒಂದು ಸಲ ಕೇಳಿಸ್ತೀರಾ?"

ಆಕೆಯ ಮುಖ ಗಂಟಿಕ್ಕಿತು. "ಖಂಡಿತ ಅಂತ ಸಹಿ ಹಾಕಿದ್ರಲ್ಲ! ನಾನು ಮೇಲಿನವರಿಗೆ ಏನು ಹೇಳಲಿ?"

"ಈ ದರ್ಜಿ ಅವಸರದವನು, ಅಳತೆ ತಪ್ಪಿದ ಅಂತ ಹೇಳಿ."

ಆಕೆ ಅವನನ್ನು ನೋಡಿದರು, ಕೈಯಲ್ಲಿದ್ದ ಗಡಿಯಾರ ನೋಡಿದರು. ಯಂತ್ರದಲ್ಲಿದ್ದುದನ್ನು ಅವನ ಎದುರೇ ಅಳಿಸಿದರು. "ಇವತ್ತು ಸಂಜೆ ತನಕ ನನಗೆ ಬೇರೆ ಕೆಲಸ ಇಲ್ಲ. ಒಂದು ಮಾತು. ಈ ಸಲ ಪ್ರತಿಯೊಂದನ್ನೂ ಕೊನೆ ತನಕ ಕೇಳಬೇಕು. ಮೊನ್ನೆ ನೀವು ಯಾವುದನ್ನೂ ಪೂರ್ತಿ ಕೇಳಲಿಲ್ಲ, ನಾನು ನೋಡ್ತಾ ಇದ್ದೆ."

"ಕೇಳ್ತೀನಿ."

ಅವನು ಬಲಗಾಲಿನ ಚಪ್ಪಲಿ ಬಿಟ್ಟ. ಕಾಲನ್ನು ನೆಲದ ಮೇಲೆ ಚಪ್ಪಟೆಯಾಗಿಟ್ಟು ಕಣ್ಣು ಮುಚ್ಚಿದ. ಒಂದನೆಯ ಹೆಂಗಸಿನ ಜೊತೆ ಅವನ ಕಾಲು ಹತ್ತೊಂಬತ್ತು ನಿಮಿಷ ತಡವರಿಸಿತು. ಎದ್ದು ಹೋಗಬೇಕೆನಿಸಿತು, ಹೊಟ್ಟೆಯೊಳಗಿನ ಗಂಟೆ ಬಡಿದುಕೊಂಡಿತು. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ಕೂತ. ಎರಡನೆಯವಳು ಅವನಿಗಿಂತ ಅವಸರದವಳು, ಆರು ನಿಮಿಷಕ್ಕೇ ಮುಗಿಸಿದಳು. "ನಮ್ಮ ಕಾರ್ಖಾನೆಯವಳಿರಬೇಕು" ಎಂದ; ಡಾಕ್ಟರಮ್ಮ ನಕ್ಕರು. ಮೂರನೆಯವಳು ಇಪ್ಪತ್ತೈದು ನಿಮಿಷ.

ನಾಲ್ಕನೆಯದು ಶುರುವಾಯಿತು. ಐದಾರು ಸಲ ಅಗಿತ, ಆಮೇಲೆ ಉದ್ದಕ್ಕೆ ಒಂದೇ ಸಮ, ಆಮೇಲೆ ನಿಲುಗಡೆ. ಆ ನಿಲುಗಡೆಯಲ್ಲಿ ದರ್ಜಿಯ ಎಡಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಬಟ್ಟೆಯೊಂದನ್ನು ತಿರುಗಿಸಿತು. ಗಿಡ್ಡಕ್ಕೆ ಸ್ವಲ್ಪ ಅಗಿತ, ಮತ್ತೆ ನಿಲುಗಡೆ. ಕಾಲು ನೆಲದ ಮೇಲೆ ಮೇಲೆ ಕೆಳಗೆ ಆಡತೊಡಗಿತು, ಎಲ್ಲಿಯೂ ತಪ್ಪದೆ. ಇಲ್ಲಿ ಈ ಕೋಣೆಯಲ್ಲಿ, ದವಡೆಗೆ ಮೈಕು ಅಂಟಿಸಿಕೊಂಡು, ಮೆಷೀನಿಲ್ಲದೆ, ಗಂಡನಿಲ್ಲದೆ ಉಣ್ಣುವಾಗಲೂ ಅವಳು ಒಂದು ಕಾಲರಿನ ಮೂಲೆಗಳಲ್ಲಿ ನಿಂತು ನಿಂತು ಹೋಗಿದ್ದಳು.

ಇದೇ ಎಂದು ಕೂಗಬೇಕೆನಿಸಿತು. ಆದರೂ ಕೇಳುತ್ತಲೇ ಕೂತ. ಕೊನೆ ತನಕ ಎಂದು ಮಾತು ಕೊಟ್ಟಿದ್ದ. ಸೇಬಿನ ಎಂಟು ಹೋಳನ್ನು ಅವಳು ಒಂದೊಂದಾಗಿ ಮುಗಿಸಿದಳು. ಅವನು ಒಂದೊಂದನ್ನೂ ಎಣಿಸಿದ. ಕೊನೆಯ ಅಗಿತ ನಿಂತಿತು. ಒಂದು ಗುಟುಕು ನೀರು. ಸದ್ದು ಇನ್ನೂ ಓಡುತ್ತಿತ್ತು, ಬರೀ ಉಸಿರು. ಅದರಾಚೆ, ದವಡೆಯ ಮೂಳೆಯೊಳಗಿಂದಲೇ ಬಂದಂತೆ, ಬಹಳ ಹತ್ತಿರದಿಂದ, ಪಿಸುದನಿಯೊಂದು:

"ಉಂಡೆ, ದೇವರೇ. ಅವರನ್ನೂ ಒಂದು ದಿನ ಕೂರಿಸಿ ಉಣಿಸಪ್ಪಾ."

ದರ್ಜಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ. ಊಟವಾದ ಮೇಲೆ ಅವಳಿಗೆ ಹೀಗೊಂದು ಪ್ರಾರ್ಥನೆಯಿತ್ತೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ದಿನವೂ ಎಂಟು ಹೆಜ್ಜೆ ದೂರದಲ್ಲಿ ಅದು ನಡೆದಿತ್ತು. ಕಣ್ಣೀರು ಅದರ ಪಾಡಿಗೆ ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಡಾಕ್ಟರಮ್ಮನೂ ಹೆಡ್‌ಫೋನ್ ಹಾಕಿಕೊಂಡು ಆ ಕೊನೆಯನ್ನು ಕೇಳಿದರು. "ನಾವು ಕೊನೇ ಅಗಿತಕ್ಕೆ ಎಣಿಕೆ ನಿಲ್ಲಿಸ್ತಿದ್ವಿ. ಅದರಾಚೆ ಯಾರೂ ಕೇಳಿರಲಿಲ್ಲ" ಎಂದರು. ಆಮೇಲೆ ಕಾಗದ ತಿರುವಿ ನೋಡಿದರು. "ನಾಲ್ಕನೇ ಅಂಕಿ. ಹದಿನೆಂಟು ನಿಮಿಷ. ನೋಡಿ, ನಿಧಾನದಲ್ಲಿ ಇವರು ಹದಿನಾಲ್ಕು ಜನರಲ್ಲಿ ಏಳನೆಯವರು. ಸರೀ ಮಧ್ಯದಲ್ಲಿ."

"ಹದಿನೆಂಟಾ? ಮನೇಲಿ ಅವಳಿಗೆ ಮುಕ್ಕಾಲು ಗಂಟೆ ಬೇಕಿತ್ತು!"

"ಇಲ್ಲಿ ಅಡುಗೆಮನೇಲಿ ನಮ್ಮ ಜೊತೆ ಉಣ್ಣೋವಾಗಲೂ ಅಷ್ಟೇ, ಇಪ್ಪತ್ತು ನಿಮಿಷದೊಳಗೆ ಎದ್ದುಬಿಡ್ತಿದ್ರಲ್ಲ" ಎಂದರು ಡಾಕ್ಟರಮ್ಮ ಸಹಜವಾಗಿ. ಆಮೇಲೆ ಅವನ ಮುಖ ನೋಡಿ ಕಾಗದವನ್ನು ಮೆಲ್ಲನೆ ಮಡಿಸಿದರು.

ತೆಗೆಯದೆ ಇಟ್ಟಿದ್ದ ಎಂಜಲು ತಟ್ಟೆ ದರ್ಜಿಯ ಕಣ್ಣ ಮುಂದೆ ಬಂತು. ಅವಳದು ನಿಧಾನವಾಗಿರಲಿಲ್ಲ, ಕಾಯುವಿಕೆಯಾಗಿತ್ತು. ಇನ್ನೂ ಊಟ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ, ಬಂದು ಕೂತರೆ ಜಾಗವಿದೆ ಎಂದು ಮೂವತ್ತನಾಲ್ಕು ವರ್ಷ ಅವಳು ಒಂದು ಊಟವನ್ನು ಎಳೆದು ಎಳೆದು ಹಿಡಿದಿದ್ದಳು.

ನಕಲನ್ನು ಕೈಗೆ ಕೊಡುತ್ತಾ ಆಕೆ ಅಂದರು: "ಸೊಂಟದ ದಾರ ಬಿಚ್ಚೋ ಹಾಗೆ ಉಣ್ಣಿ. ಇದು ಡಾಕ್ಟರ್ ಮಾತು."

ಮೂರು ಮಹಡಿಯ ಮೆಟ್ಟಿಲನ್ನು ಅವನು ಒಂದೊಂದಾಗಿ ಇಳಿದ.

ಮನೆಗೆ ಬಂದಾಗ ನಾದಿನಿ ಮುಚ್ಚಿಟ್ಟು ಹೋಗಿದ್ದ ಊಟವಿತ್ತು: ಬ್ರೆಡ್, ಬೇಯಿಸಿದ ತರಕಾರಿ, ಒಂದು ಸೇಬು. ಅಂಗಡಿಯ ಬಾಗಿಲನ್ನು ಹಾಡಹಗಲೇ ಎಳೆದುಕೊಂಡ. ಗಿರಾಕಿಯೊಬ್ಬ ಹೊರಗಿನಿಂದ "ಟೇಲರ್, ಪ್ಯಾಂಟು ಆಯ್ತಾ?" ಎಂದು ಕೂಗಿದ. "ಊಟಕ್ಕೆ ಕೂತಿದ್ದೀನಿ" ಎಂದು ಒಳಗಿನಿಂದ ಹೇಳಿದ. "ಸರಿ, ಹಾಗಾದ್ರೆ ಇಲ್ಲೇ ನಿಂತಿರ್ತೀನಿ. ನಿಮಗೆಷ್ಟು ಹೊತ್ತು!" ಎಂದ ಆ ಗಿರಾಕಿ.

"ನಾಳೆ ಬನ್ನಿ" ಎಂದ ದರ್ಜಿ.

ಎರಡು ತಟ್ಟೆ ಇಟ್ಟ. ಸೇಬನ್ನು ಎಂಟು ಹೋಳು ಮಾಡಿದ. ಎದುರಿನ ತಟ್ಟೆಯ ಪಕ್ಕದಲ್ಲಿ ಯಂತ್ರವನ್ನಿಟ್ಟು ಗುಂಡಿಯೊತ್ತಿದ. ಅವಳು ಉಣ್ಣಲು ಶುರು ಮಾಡಿದಳು. ಇವನೂ ಒಂದು ತುತ್ತು ಬಾಯಿಗಿಟ್ಟ. ನುಂಗಲು ಹೋದ ಗಂಟಲನ್ನು ತಡೆದು ಹಿಡಿದು ಅಗಿದ. ದವಡೆಗೆ ಅಭ್ಯಾಸವಿರಲಿಲ್ಲ, ಕಿವಿಯ ಬುಡದಲ್ಲಿ ನೋಯತೊಡಗಿತು. ಅವಳು ನಿಂತಲ್ಲಿ ನಿಂತ, ಅವಳು ಹೊರಟಾಗ ಹೊರಟ. ಹಣೆಯ ಮೇಲೆ ಸಣ್ಣಗೆ ಬೆವರು ಬಂತು. ಡಾಕ್ಟರಮ್ಮ ಹೇಳಿದ್ದ ಬಿಸಿ ಇದೇ ಇರಬೇಕು. ಹೀಗೆ ಒಂದೊಂದು ಊಟದಲ್ಲೂ ಅವಳು ಆ ಮೆಟ್ಟಿಲುಗಳನ್ನೆಲ್ಲ ಹತ್ತಿದ್ದಳು, ಒಬ್ಬಳೇ. ಬ್ರೆಡ್ಡಿಗೆ ಕೊನೆಯಲ್ಲಿ ಒಂದು ಸಿಹಿಯಿದೆ ಎಂದು ಅವನಿಗೆ ಅರವತ್ತನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಆಗ ಆ ಮಧ್ಯಾಹ್ನದ ತುತ್ತು ನೆನಪಾಯಿತು. ಕ್ಯಾರೆಟ್. ಬೇಯಿಸಿ, ಮೆಣಸು ಉದುರಿಸಿದ ಕ್ಯಾರೆಟ್. ತೆಳ್ಳಗೆ, ಒಂದೇ ಅಳತೆಗೆ ಹೆಚ್ಚಿದ್ದಳು, ಪುಣ್ಯಾತಗಿತ್ತಿ.

ಹದಿನೆಂಟು ನಿಮಿಷ ಅವನು ಏಳಲಿಲ್ಲ. ಎಂಟನೆಯ ಹೋಳನ್ನು ಇಬ್ಬರೂ ಒಟ್ಟಿಗೆ ಮುಗಿಸಿದರು. ಅವಳು ನೀರು ಕುಡಿದಳು, ತನ್ನ ಮಾತನ್ನು ದೇವರಿಗೆ ಹೇಳಿದಳು, ಯಂತ್ರ ತಾನಾಗಿ ನಿಂತಿತು. ಪರದೆ ಅಲುಗಾಡಲಿಲ್ಲ. ಅವನು ಎಂಜಲು ಕೈಯನ್ನು ತಟ್ಟೆಯ ಮೇಲೆ ಹಾಗೇ ಇಟ್ಟುಕೊಂಡು ಕಣ್ಣು ಮುಚ್ಚಿದ.

"ಉಂಡೆ, ದೇವರೇ. ಅವಳು ಕೇಳಿದ್ದನ್ನು ನೀನು ನಡೆಸಿಕೊಟ್ಟೆ. ತಡ ಮಾಡಿದವನು ನಾನು, ನೀನಲ್ಲ. ಇನ್ನು ಅವಳು ಯಾರಿಗೂ ಕಾಯುವುದು ಬೇಡ. ನಿನ್ನ ಮನೆಯಲ್ಲಿ ಅವಳನ್ನು ಕೂರಿಸು, ಎದುರಿಗೆ ನೀನೂ ಕೂತುಕೋ, ಅವಳು ಉಂಡು ಮುಗಿಸುವ ತನಕ ಏಳಬೇಡ. ಅವಳ ಜೀವಕ್ಕೆ ಶಾಂತಿ ಕೊಡು, ತಂದೆ."